ಕಡಲಿಗೆ ರಜೆ

ಜೂನ್ ಒಂದರಿಂದ ಮಲ್ಪೆಯ ಬೋಟುಗಳೆಲ್ಲ
ಒಂದಕ್ಕೊಂದು ಮೈ ತಾಗಿಸಿ ನಿಂತಿವೆ.
ಮೀನು ಮೊಟ್ಟೆಯಿಡುವ ಕಾಲ, ಯಾರೂ ಬಲೆ ಬಿಡಬಾರದು.
ಬೋಟಿಲ್ಲದಿದ್ದರೆ ಐಸು ಬೇಡ,
ಐಸು ಬೇಡವಾದರೆ ನನಗೆ ಕೆಲಸವಿಲ್ಲ.
ಹಾಗೆ ಸಿಕ್ಕಿದ ರಜೆಯಲ್ಲಿ
ಅಜ್ಜರಕಾಡಿನ ಆಸ್ಪತ್ರೆಗೆ ಹೋಗಿ ಬಂದೆ.

"ಹೆಂಡತಿ ಎಲ್ಲಿ?" ತಲೆ ಎತ್ತದೆ ಕೇಳಿದಳು
ಫಾರಂ ತುಂಬುತ್ತಿದ್ದ ನರ್ಸು.
ಅವಳಿಗಲ್ಲ, ನನಗೆ, ಅಂದೆ.
ಪೆನ್ನು ನಿಂತಿತು.
ಬೆಂಚಿನಲ್ಲಿದ್ದ ಐದು ಹೆಂಗಸರು
ಒಟ್ಟಿಗೆ ನನ್ನ ಮುಖ ನೋಡಿದರು.
ಆಮೇಲೆ ಒಬ್ಬಳು ಸರಿದು ಜಾಗ ಕೊಟ್ಟಳು.

ಇಪ್ಪತ್ತು ನಿಮಿಷ.
ಡಾಕ್ಟರು ಯಾರನ್ನೋ ಕ್ರಿಕೆಟ್ ಸ್ಕೋರು ಕೇಳುತ್ತಿದ್ದರು.
ನಾನು ಫ್ಯಾನಿನ ರೆಕ್ಕೆ ಎಣಿಸಿದೆ. ಮೂರೇ ಇದ್ದವು,
ಮತ್ತೆ ಮತ್ತೆ ಎಣಿಸಿದೆ.
ನೋವಲ್ಲ, ಎಲ್ಲೋ ಒಳಗೆ
ಸಣ್ಣಗೆ ನೂಲು ಎಳೆದ ಹಾಗೆ.
ಬಲೆ ಹೆಣೆಯುವ ಮನೆಯಲ್ಲಿ ಹುಟ್ಟಿದವ ನಾನು,
ಯಾವ ಗಂಟು ಜಾರುತ್ತದೆ, ಯಾವುದು ಜಾರುವುದಿಲ್ಲ, ಗೊತ್ತುಂಟು.
ಯಾವುದು ಹಾಕಿದಿರಿ ಎಂದು ಕೇಳಬೇಕೆಂದಿದ್ದೆ.
ಕೇಳಲಿಲ್ಲ.

ಈಗ ಚಾವಡಿಯಲ್ಲಿ ಚಾಪೆ, ಚಾಪೆಯ ಮೇಲೆ ನಾನು,
ಕಾಲು ಸ್ವಲ್ಪ ಅಗಲ.
ಕೊಡಪಾನ ಎತ್ತಬಾರದು, ಸೈಕಲ್ಲು ಬೇಡ,
ಒಂದು ವಾರ ಅಜ್ಜನ ಕಾಲದ ಲಂಗೋಟಿ.
ಐಸು ಇಡಿ, ಅಂದಿದ್ದರು.
ಹನ್ನೊಂದು ವರ್ಷ ಐಸಿನ ಬ್ಲಾಕುಗಳನ್ನು ಕೊಕ್ಕೆಯಲ್ಲಿ ಎಳೆದವ,
ಲೋಡುಗಟ್ಟಲೆ ಪುಡಿ ಮಾಡಿ
ಬಂಗುಡೆಗೆ, ಬೂತಾಯಿಗೆ ಹೊದೆಸಿ ಕಳಿಸಿದವ,
ಮಗಳ ಕೈಗೆ ಗಿಂಡಿ ಕೊಟ್ಟು
ಪಕ್ಕದ ಮನೆಯ ಫ್ರಿಜ್ಜಿಗೆ ಅಟ್ಟಿದೆ.
ಏಳು ತುಂಡು ತಂದಳು.
ಎಂಟನೆಯದು ಅವಳ ಬಾಯಲ್ಲಿತ್ತು.

ಊರಿಗೆಲ್ಲ ಹರ್ನಿಯಾ ಎಂದು ಹೇಳಿದ್ದೇವೆ.
ತಿಂಗಳಾಯರ ಶೀನಣ್ಣ ಬಂದು ಕೂತು
ತನ್ನ ಹರ್ನಿಯಾದ ಕಥೆ ಒಂದು ಗಂಟೆ ಹೇಳಿದ.
"ನಿನ್ನದು ಎಡದ್ದಾ, ಬಲದ್ದಾ?"
ನಡುವಿನದ್ದು, ಅಂದೆ.
ಒಳಗೆ ಪಾತ್ರೆಯೊಂದು ಬಿತ್ತು.
ನಗು ತಡೆಯದಿದ್ದರೆ ಶಶಿರೇಖಾ
ಪಾತ್ರೆ ಬೀಳಿಸುತ್ತಾಳೆ.

ಎರಡನೆಯದು ಹುಟ್ಟಿದ ರಾತ್ರಿ ನಾನು ಪಾಳಿಯಲ್ಲಿದ್ದೆ.
ಸೀಸನ್ನು, ಬಂದರು ತುಂಬ ಬೋಟು,
ಫೋನು ಅಂಗಿಯ ಜೇಬಿನಲ್ಲಿ, ಅಂಗಿ ಗೋಡೆಯ ಮೊಳೆಯಲ್ಲಿ.
ಹದಿನಾಲ್ಕು ಮಿಸ್ ಕಾಲ್.
ನಾನು ತಲುಪುವಾಗ ಎರಡು ಬಾಟಲಿ ರಕ್ತ ಏರಿಸಿ ಆಗಿತ್ತು.
ಮೊನ್ನೆ ಆಶಾ ಕಾರ್ಯಕರ್ತೆ ಮನೆಗೆ ಬಂದು
"ಇವರಿಗೊಂದು ಮಾಡಿಸಿ ಬಿಡುವ" ಅಂದಾಗ
ನನಗೆ ದೊಡ್ಡ ವಿಚಾರ ಏನೂ ಹೊಳೆಯಲಿಲ್ಲ.
ಆ ಹದಿನಾಲ್ಕು ನೆನಪಾಯಿತು, ಅಷ್ಟೆ.

ಮಕ್ಕಳು ಮಲಗಿದ ಮೇಲೆ
ಮೊಬೈಲಿನ ಟಾರ್ಚು ಹಿಡಿದು ನೋಡಿದಳು.
"ಇಷ್ಟೆಯಾ?"
ಬೂತಾಯಿಯ ಒಂದು ಹುರುಪೆಯಷ್ಟು.
ನನ್ನ ಬೆರಳು ಹಿಡಿದು ತನ್ನ ಹೊಟ್ಟೆಯ ಗೆರೆಯ ಮೇಲೆ
ಈ ತುದಿಯಿಂದ ಆ ತುದಿಗೆ ನಡೆಸಿದಳು, ನಿಧಾನಕ್ಕೆ.
"ನನ್ನದು ಇಡೀ ಬಂಗುಡೆ."
ನಗಿಸಬೇಡ ಮಾರಾಯ್ತಿ,
ನಕ್ಕರೆ ಎಳೆಯುತ್ತದೆ.

ಕೂಡಲೇ ಮುಗಿಯುವುದಿಲ್ಲವಂತೆ ಇದು.
ಒಳಗೆ ಉಳಿದದ್ದು ಖಾಲಿಯಾಗಲು ಮೂರು ತಿಂಗಳು,
ಆಮೇಲೆ ಒಂದು ಡಬ್ಬಿ, ಒಂದು ಪರೀಕ್ಷೆ, ಒಂದು ಚೀಟಿ.
ಅಷ್ಟರಲ್ಲಿ ಬೋಟುಗಳು ಹೊರಟಿರುತ್ತವೆ,
ಈಗ ಹುಟ್ಟುತ್ತಿರುವ ಮರಿಗಳನ್ನು ಹುಡುಕಿಕೊಂಡು.
ನನ್ನ ಕೈಯಲ್ಲಿ ಕೊಕ್ಕೆ ಇರುತ್ತದೆ.

ನಾಲ್ಕನೆಯ ದಿನ ಅಮ್ಮ ಗಂಜಿ ತಂದಳು,
ಜೊತೆಗೆ ಸುಟ್ಟ ಒಣಮೀನು.
ಹಗ್ಗದಲ್ಲಿದ್ದ ಲಂಗೋಟಿಯನ್ನು ನೋಡಿದಳು,
ನನ್ನನ್ನು ನೋಡಿದಳು.
ಹೆತ್ತದ್ದು ಎಂಟು, ಉಳಿದದ್ದು ಐದು.
ಇಲ್ಲದ ಮೂವರ ಹೆಸರು
ದೀಪ ಹಚ್ಚುವಾಗ ಈಗಲೂ ಅವಳ ತುಟಿಯಲ್ಲಿ ಆಡುತ್ತದೆ.
"ಹರ್ನಿಯಾ ಅಲ್ಲ ಅದು."
ನಾನು ಗಂಜಿಗೆ ಉಪ್ಪು ಬೆರೆಸಿದೆ.
"ನಿನ್ನಪ್ಪನಿಗೆ ಈ ಬುದ್ಧಿ ಇದ್ದಿದ್ದರೆ..."

ಅಲ್ಲಿಗೆ ನಿಲ್ಲಿಸಿದಳು.
ನಾನು ಏಳನೆಯವ.
ಅವಳಿಗೂ ಆಗಲೇ ಅದು ಹೊಳೆದಿರಬೇಕು.
ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿ,
ಐಸು ಕರಗಿ ಒದ್ದೆಯಾದ ಚಾಪೆಯನ್ನು
ನನ್ನ ಕೆಳಗಿಂದ ಮೆಲ್ಲನೆ ಎಳೆದು
ಒಣಗಿದ್ದೊಂದು ಹಾಸಿದಳು.